ಜರಡಿ ಮೇಷ್ಟ್ರ ಪುಸ್ತಕ

ಪುಸ್ತಕ ಅಂದರೆ ನಮ್ಮೂರಿನವರಿಗೆ ಓದುವ ವಸ್ತುವಲ್ಲ, ಬಿಡುಗಡೆ ಮಾಡುವ ವಸ್ತು. ಯಾರ ಮೇಲಿನ ಸಿಟ್ಟಿಗೂ ಈ ಮಾತು ಹೇಳುತ್ತಿಲ್ಲ. ಹೊಸದುರ್ಗದ ಬಸ್ ಸ್ಟ್ಯಾಂಡಿನ ಹಿಂದೆ ಪ್ರೆಸ್ ಇಟ್ಟುಕೊಂಡು ಕೂತಿರುವವನು ನಾನು, ಜಮೀರ್ ಅಂತ. ಕಣ್ಣಾರೆ ಕಂಡದ್ದನ್ನು ಹೇಳುತ್ತಿದ್ದೇನೆ. ಸರಿ, ಸ್ವಲ್ಪ ಸಿಟ್ಟೂ ಇದೆ ಅನ್ನಿ. ನಮ್ಮಜ್ಜ ಬಡೇಸಾಬರು ಕಾಲಲ್ಲಿ ತುಳಿಯುವ ಮೆಷಿನ್ ಇಟ್ಟುಕೊಂಡು ಲಗ್ನಪತ್ರಿಕೆ, ನಾಟಕದ ಹ್ಯಾಂಡ್‌ಬಿಲ್ ಹೊಡೆಯುತ್ತಿದ್ದರು. ನನ್ನ ಕಾಲಕ್ಕೆ ಆಫ್‌ಸೆಟ್ ಬಂತು, ಅದರ ಹಿಂದೆಯೇ ಕವಿಗಳೂ ಬಂದರು. ಶ್ರೀರಾಂಪುರದಿಂದ, ಹೊಳಲ್ಕೆರೆಯಿಂದ, ಕೆಲವರು ಹಿರಿಯೂರಿನಿಂದಲೂ ಬರುತ್ತಾರೆ. ಅಚ್ಚು ಹಾಕಿಸಿ, ಬಣ್ಣದ ಕಾಗದ ಸುತ್ತಿಸಿ, ರಿಬ್ಬನ್ ಕಟ್ಟಿಸಿಕೊಂಡು ಹೋಗುತ್ತಾರೆ. ವೇದಿಕೆಯ ಮೇಲೆ ಅತಿಥಿಗಳು ರಿಬ್ಬನ್ ಎಳೆದು ಪುಸ್ತಕವನ್ನು ಎದೆಗೆ ಹಿಡಿದು ಫೋಟೋದವನ ಕಡೆ ತಿರುಗುತ್ತಾರೆ. ಆಮೇಲೆ ಒಬ್ಬರು ಕೃತಿ ಪರಿಚಯ ಮಾಡುತ್ತಾರೆ. ಪರಿಚಯ ಮಾಡುವವರು ಮುನ್ನುಡಿ ಓದಿರುತ್ತಾರೆ, ಮುನ್ನುಡಿ ಬರೆದವರು ಬೆನ್ನುಡಿ ಓದಿರುತ್ತಾರೆ. ಬೆನ್ನುಡಿಯನ್ನು ಬಹಳ ಸಲ ಲೇಖಕನೇ ಬರೆದು ಕೆಳಗೆ ಇನ್ನೊಬ್ಬರ ಹೆಸರು ಹಾಕಿರುತ್ತಾನೆ.

ಇಂಥ ಊರಿನಲ್ಲಿ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ, ಅನ್ನಿಸಿದ್ದನ್ನು ಅನ್ನಿಸಿದ ಹಾಗೇ ಬರೆಯುವ ಕೆಟ್ಟ ಚಟ ಇದ್ದದ್ದು ಒಬ್ಬರಿಗೆ ಮಾತ್ರ. ಅವರು ಚಿತ್ರಲಿಂಗಪ್ಪ ಮೇಷ್ಟ್ರು. ಎರಡು ವರ್ಷದಿಂದ ಅವರು ಒಂದು ಸಾಲನ್ನೂ ಬರೆದಿಲ್ಲ. ವಯಸ್ಸಾಯಿತು, ಕಣ್ಣು ಕೈಕೊಟ್ಟಿತು ಎಂದು ಜನ ಮಾತಾಡಿಕೊಳ್ಳುತ್ತಾರೆ. ಕಣ್ಣು ಚೆನ್ನಾಗಿಯೇ ಇದೆ. ಅವರ ಪೆನ್ನು ಯಾಕೆ ನಿಂತಿತು ಎಂದು ನನಗೆ ಗೊತ್ತು, ನಾನು ಅಲ್ಲಿಯೇ ಇದ್ದೆ.

ಮೇಷ್ಟ್ರು ಮಾಡದಕೆರೆಯವರು. ಮನೆಯವರೆಲ್ಲ ಹೊಲ ನಂಬಿದವರು, ಇವರೊಬ್ಬರು ಓದಿ ಹೊಸದುರ್ಗದ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ರಿಟೈರ್ ಆದರು. ನನಗೂ ಅವರೇ ಕನ್ನಡ ಕಲಿಸಿದ್ದು. ಕ್ಲಾಸಿನಲ್ಲಿ ಪದ್ಯ ಓದಿಸಿ, 'ಏನನ್ನಿಸ್ತು?' ಎಂದು ಕೇಳುತ್ತಿದ್ದರು. 'ಚೆನ್ನಾಗೈತೆ ಸಾರ್' ಅಂದರೆ ಮುಗಿಯಿತು, ನಿಲ್ಲಿಸಿಬಿಡುತ್ತಿದ್ದರು. 'ಚೆನ್ನಾಗೈತೆ ಅನ್ನಾಕೆ ನೀನ್ ಯಾಕ್ ಬೇಕು ಲೇ, ಪುಸ್ತಕದ ಹಿಂದೆ ಅವರೇ ಬರ್ಕಂಡವ್ರೆ. ಯಾವ ಸಾಲು? ಯಾಕೆ?' ಕಾರಣ ಹೇಳುವವರೆಗೆ ಕೂರುವ ಹಾಗಿರಲಿಲ್ಲ. ಇಡೀ ಪೀರಿಯಡ್ ನಿಂತಿದ್ದ ದಿನಗಳೂ ಇದ್ದವು. ಆಗ ಮೈಯೆಲ್ಲ ಉರಿಯುತ್ತಿತ್ತು. ಈಗ ಯಾರಾದರೂ ಪದ್ಯ ಕೇಳಿ ಕಣ್ಣು ಮುಚ್ಚಿ 'ಆಹಾ' ಅಂದರೆ, ಇವನನ್ನೂ ಎಬ್ಬಿಸಿ ನಿಲ್ಲಿಸಬೇಕು ಅನ್ನಿಸುತ್ತದೆ.

ಚಿತ್ರದುರ್ಗದ ಒಂದು ದಿನಪತ್ರಿಕೆಯಲ್ಲಿ ಭಾನುವಾರ ಭಾನುವಾರ ಅವರ ಅಂಕಣ ಬರುತ್ತಿತ್ತು, 'ಜರಡಿ' ಅಂತ. ಜಿಲ್ಲೆಯಲ್ಲಿ ಬಂದ ಪುಸ್ತಕ, ಊರಿನ ಟಾಕೀಸಿಗೆ ಬಂದ ಸಿನಿಮಾ, ಶಾಲೆ ಕಾಲೇಜಿನ ಸಭಾಂಗಣದಲ್ಲಿ ನಡೆದ ಸುಗಮ ಸಂಗೀತ, ಯಾವುದನ್ನೂ ಬಿಡುತ್ತಿರಲಿಲ್ಲ. ಮೂವತ್ತು ವರ್ಷದ ಹತ್ತಿರ ಬರೆದರು. ಅದರಿಂದಲೇ ಅವರು ಜರಡಿ ಮೇಷ್ಟ್ರಾದರು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ, ಬೆನ್ನ ಹಿಂದೆ ಬೇರೆ ಹೆಸರೇ ಇರಲಿಲ್ಲ.

ಬೈಯುವುದಕ್ಕೆಂದೇ ಬರೆದರು ಅನ್ನುವವರು ಅವರನ್ನು ಓದಿಲ್ಲ. ನಮ್ಮ ಕಡೆಯ ಗುಡ್ಡದ ಮೇಲೆ ಒಂದು ಸಿನಿಮಾದ ಹಾಡು ತೆಗೆದರು, ಗಾಳಿಯಂತ್ರಗಳ ಕೆಳಗೆ ನಾಯಕ ನಾಯಕಿ ಕುಣಿದರು. ನಮ್ಮೂರು ಪರದೆಯ ಮೇಲೆ ಬಂತು ಎಂದು ಎಲ್ಲರೂ ಸಂಭ್ರಮಪಟ್ಟರು. ಮೇಷ್ಟ್ರು ಬರೆದರು: 'ಗುಡ್ಡ ಬಂದಿದೆ, ಗಾಳಿ ಬಂದಿದೆ. ಆ ಗುಡ್ಡದಲ್ಲಿ ದಿನವೂ ಕುರಿ ಮೇಯಿಸುವವನು ಹಾಡು ಮುಗಿಯುವವರೆಗೆ ಆಚೆ ನಿಲ್ಲಬೇಕಾಯಿತು. ನಮ್ಮ ಊರು ಪರದೆಯ ಮೇಲೆ ಬಂತು ಅನ್ನುತ್ತೀರಿ, ನಾವು ಬರಲಿಲ್ಲ.' ವಚನ ಗಾಯನದ ಬಗ್ಗೆ ಒಮ್ಮೆ ಬರೆದದ್ದು ನನಗೆ ಬಾಯಿಪಾಠವಾಗಿದೆ: 'ಇದನ್ನು ಬರೆದವರು ಮಲಗಿದವರನ್ನು ಎಬ್ಬಿಸಲು ಬರೆದರು. ನಮ್ಮ ಗಾಯಕರು ಎದ್ದವರನ್ನೂ ಮಲಗಿಸುವಂತೆ ಹಾಡುತ್ತಾರೆ. ಹಾರ್ಮೋನಿಯಂ ಚೆನ್ನಾಗಿತ್ತು.' ಚಿತ್ರದುರ್ಗದವರೆಲ್ಲ ಕೋಟೆಯ ಮೇಲೆಯೇ ಪದ್ಯ ಬರೆಯುತ್ತಿದ್ದ ಕಾಲದಲ್ಲಿ, 'ದಯವಿಟ್ಟು ಒಂದು ಸಲ ಕೆಳಗಿಳಿದು ಬನ್ನಿ, ಇಲ್ಲಿಯೂ ಜನ ಇದ್ದಾರೆ' ಎಂದು ಬರೆದರು. ಒಂದು ಊರಿಗೆ ಹಾಡು, ಕತೆ, ಸಿನಿಮಾ ಯಾಕೆ ಬೇಕು ಅನ್ನುವುದನ್ನು ಅವರಷ್ಟು ತಲೆಗೆ ಹಚ್ಚಿಕೊಂಡವರನ್ನು ನಾನು ನೋಡಿಲ್ಲ. ಸುಮ್ಮಸುಮ್ಮನೆ ಹೊಗಳಿದರೆ ಬರೆಯುವವನೂ ಕೆಡುತ್ತಾನೆ, ಕೇಳುವ ಊರೂ ಕಿವುಡಾಗುತ್ತದೆ ಅನ್ನುವುದು ಅವರ ನಂಬಿಕೆ. 'ನಿಜ ಹೇಳೋದೇ ಮರ್ಯಾದೆ ಕೊಡೋದು ಜಮೀರ, ಹೊಗಳೋದು ಅಂದ್ರೆ ಅವನನ್ನ ಸಾಗಹಾಕೋದು' ಅನ್ನುತ್ತಿದ್ದರು.

ಊರಿನವರಿಗೆ ಇಂಥ ಮರ್ಯಾದೆ ಬೇಕಿರಲಿಲ್ಲ. ಯಾರೂ ಜಗಳಕ್ಕೆ ಬರಲಿಲ್ಲ, ಒಂದು ಕಲ್ಲೂ ಬೀಳಲಿಲ್ಲ. ಬಿದ್ದಿದ್ದರೆ ಮೇಷ್ಟ್ರಿಗೆ ಖುಷಿಯಾಗುತ್ತಿತ್ತೇನೋ. ಎದುರಿಗೆ ಸಿಕ್ಕಿದಾಗ 'ನಮಸ್ಕಾರ ಮೇಷ್ಟ್ರೇ' ಅನ್ನುತ್ತಿದ್ದರು, ಮದುವೆಗೆ ಕರೆಯುವುದನ್ನು ಮರೆಯುತ್ತಿದ್ದರು. ಅವರ ಹೆಂಡತಿ ಅನುಸೂಯಮ್ಮನವರು ಅರಿಶಿನ ಕುಂಕುಮಕ್ಕೆ ಹೋದ ಕಡೆ ಹೆಂಗಸರು ಪಕ್ಕಕ್ಕೆ ಸರಿದು ಕೂರುತ್ತಿದ್ದರಂತೆ. ಆ ತಾಯಿ ಒಂದು ದಿನವೂ ಗಂಡನ ಮುಂದೆ ಅದನ್ನು ಎತ್ತಿ ಆಡಲಿಲ್ಲ. ಅವರು ತೀರಿಹೋದಾಗ ಅಂಗಳದಲ್ಲಿ ಭಜನೆಯವರು ಕೂತು ಹಾಡುತ್ತಿದ್ದರು. ಮೇಷ್ಟ್ರು ಹೆಣದ ತಲೆದೆಸೆಯಲ್ಲಿ ಕೂತವರು ಎದ್ದು ಹೋಗಿ, 'ಆ ಪದ ಹಂಗಲ್ಲ, ಎರಡನೇ ನುಡಿ ಬಿಟ್ರಿ, ಅದು ಬಿಟ್ಟರೆ ಪದಕ್ಕೆ ಅರ್ಥನೇ ಇಲ್ಲ' ಅಂದರು. ತಾಳ ನಿಂತಿತು. ಎಲ್ಲರೂ ಅವರ ಮುಖ ನೋಡಿದರು. ಅವರ ಮಗಳು ಮೇಘಶ್ರೀ ಬಂದು ಅಪ್ಪನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಆ ದಿನ ನನಗೂ ಅವರ ಮೇಲೆ ಅಸಹ್ಯ ಹುಟ್ಟಿತ್ತು. ಹೆಂಡತಿಗೆ ಅರ್ಧ ಪದ ಹಾಡಿ ಕಳಿಸುವುದನ್ನು ಸಹಿಸಲಾರದೆ ಅವರು ಎದ್ದರು ಎಂದು ಈಗ ಅನ್ನಿಸುತ್ತದೆ. ಹಾಗಿದ್ದರೂ ಏನಾಯಿತು, ಕೇಳಿದವರಿಗೆ ಅದು ಬೈಗುಳವಾಗಿಯೇ ಕೇಳಿಸಿತು.

ಮೇಷ್ಟ್ರಿಗೆ ಇದ್ದದ್ದು ಒಂದೇ ಆಸೆ. ಆ ಅಂಕಣಗಳು ಒಂದು ಪುಸ್ತಕವಾಗಬೇಕು. ಪೇಪರ್ ಕಟಿಂಗುಗಳನ್ನೆಲ್ಲ ರಟ್ಟಿನ ಡಬ್ಬಗಳಲ್ಲಿ ಇಟ್ಟಿದ್ದರು, ಗೆದ್ದಲು ಹಿಡಿಯದಂತೆ ಬೇವಿನ ಸೊಪ್ಪು ಹಾಕಿ. 'ಪೇಪರಿನ ಆಯುಸ್ಸು ಒಂದು ದಿನ ಕಣೋ. ಸಂಜೆಗೆ ಬೋಂಡ ಕಟ್ತಾರೆ. ನಾನು ಹೇಳಿದ್ದು ತಪ್ಪೋ ಸರಿಯೋ, ನಾಳೆ ಯಾರಾದ್ರೂ ಒಬ್ಬ ಓದಿ ಹೇಳಬೇಕಲ್ಲ? ಅದಕ್ಕಾದ್ರೂ ಪುಸ್ತಕ ಬೇಕು' ಅನ್ನುತ್ತಿದ್ದರು. ಆದರೆ ತಾವಾಗಿ ಅಚ್ಚು ಹಾಕಿಸಲು ಒಪ್ಪಲಿಲ್ಲ. ಬಿಟ್ಟಿ ಹಾಕಿಕೊಡುತ್ತೇನೆ ಅಂದೆ, ನನಗೇ ಬೈದರು. ತನ್ನ ಪುಸ್ತಕವನ್ನು ತಾನೇ ತರುವವನು ವಿಮರ್ಶಕನಲ್ಲ, ಇನ್ನೊಬ್ಬರು ಬೇಕು ಎಂದು ಕೇಳಬೇಕು ಅನ್ನುವುದು ಅವರ ಹಠ. ಪ್ರಕಾಶಕರಿಗೆ ಬರೆದರು. ದುರ್ಗದವರು ಉತ್ತರ ಕೊಡಲಿಲ್ಲ, ಬೆಂಗಳೂರಿನವರು 'ಪ್ರಾದೇಶಿಕ' ಎಂದು ವಾಪಸು ಕಳಿಸಿದರು. ಬೆಂಗಳೂರು ಮಾತ್ರ ಯಾವ ಪ್ರದೇಶದಲ್ಲೂ ಇಲ್ಲ ನೋಡಿ.

ಹೀಗಿರುವಾಗ ಪಾಲಣ್ಣ ಬಂದ. ಪಾಲಣ್ಣ ನಮ್ಮೂರಿನ ಕಾದಂಬರಿಕಾರ, ಸಾಹಿತ್ಯ ವೇದಿಕೆಯ ಅಧ್ಯಕ್ಷ, ಒಂದು ಖಾಸಗಿ ಪಿಯು ಕಾಲೇಜಿನ ಕಾರ್ಯದರ್ಶಿ. ಮೇಘಶ್ರೀ ಆ ಕಾಲೇಜಿನಲ್ಲೇ ಇತಿಹಾಸ ಪಾಠ ಮಾಡುವುದು. ಅವನು ಬಹಳ ಹಿಂದೆ ಜೀತದವರ ಮೇಲೆ ಬರೆದ ಮೊದಲ ಕಾದಂಬರಿಯನ್ನು ಜಿಲ್ಲೆಯೆಲ್ಲ ಎತ್ತಿ ಮೆರೆಸಿದಾಗ, ಜರಡಿಯಲ್ಲಿ ಬಂದದ್ದು ಹೀಗೆ: 'ಪಾಲಣ್ಣನವರ ಭಾಷೆ ತೊಳೆದಿಟ್ಟ ಪಾತ್ರೆಯಂತೆ ಥಳಥಳ ಹೊಳೆಯುತ್ತದೆ, ಒಳಗೆ ಅನ್ನವಿಲ್ಲ. ಈ ಕಾದಂಬರಿಯಲ್ಲಿ ಯಾರಿಗೂ ಹಸಿವಾಗುವುದಿಲ್ಲ, ಎಲ್ಲರೂ ಹಸಿವಿನ ಬಗ್ಗೆ ಭಾಷಣ ಮಾಡುತ್ತಾರೆ.' ಇಂಥವನು ಮೇಷ್ಟ್ರ ಮನೆಗೆ ಹಣ್ಣು ಹಿಡಿದುಕೊಂಡು ಬಂದು, ಮೇಷ್ಟ್ರಿಗೆ ಎಪ್ಪತ್ತೈದು ತುಂಬುತ್ತದೆ, ವೇದಿಕೆಯಿಂದ ಅಭಿನಂದನ ಗ್ರಂಥ ತರುತ್ತೇವೆ ಅಂದ. ನಾನೂ ಅಲ್ಲಿದ್ದೆ, ಲೆಟರ್‌ಹೆಡ್ ಪ್ರೂಫ್ ತೋರಿಸಲು ಹೋಗಿದ್ದೆ.

'ನನ್ನ ಬಗ್ಗೆ ನೀವು ಬರೆಯೋದು ಬ್ಯಾಡ್ರಿ,' ಅಂದರು ಮೇಷ್ಟ್ರು. 'ಮಾಡಂಗಿದ್ರೆ ನಾನು ಬರೆದಿದ್ದನ್ನ ಹಾಕ್ರಿ. ಹೆಂಗೈತೋ ಹಂಗೆ.'

'ಅಯ್ಯೋ, ಅದಕ್ಕೇನಂತೆ, ಹಾಕಾಣ ಬಿಡ್ರಿ ಮೇಷ್ಟ್ರೇ,' ಅಂದ ಪಾಲಣ್ಣ.

ಅಷ್ಟು ಸಲೀಸಾಗಿ ಒಪ್ಪಿದ್ದು ನೋಡಿ ನನಗೆ ಆಶ್ಚರ್ಯವಾಯಿತು. ಮೇಷ್ಟ್ರಿಗೆ ಆಗಲಿಲ್ಲ. ಅವನು ಹೋದ ಮೇಲೆ, 'ನೋಡ್ದಾ, ಮನುಷ್ಯ ಬೆಳೆದವ್ನೆ. ಬೈಸ್ಕಂಡಿದ್ದನ್ನೇ ಅಚ್ಚು ಹಾಕಿಸ್ತಾನೆ ಅಂದ್ರೆ ಸಣ್ಣ ಮಾತಲ್ಲ' ಅಂದರು. ಯಾರನ್ನೂ ಸುಲಭಕ್ಕೆ ಮೆಚ್ಚದ ಮನುಷ್ಯ ಅಂದು ಪಾಲಣ್ಣನನ್ನು ಮೆಚ್ಚಿಕೊಂಡರು. ಕುರ್ಚಿಯಿಂದ ಎದ್ದು ಡಬ್ಬಗಳ ಧೂಳು ಒರೆಸಲು ಶುರುಮಾಡಿಯೇಬಿಟ್ಟರು.

ಆಗ ಅವರಿಗೆ ಎರಡೂ ಕಣ್ಣಿನಲ್ಲಿ ಪೊರೆ ಬಂದಿತ್ತು. ದುರ್ಗದಲ್ಲಿ ಒಂದಾದ ಮೇಲೊಂದು ಆಪರೇಷನ್ ಮಾಡಿಸಬೇಕು, ಅಲ್ಲಿಯವರೆಗೆ ಸಣ್ಣ ಅಕ್ಷರ ಓದಬಾರದು ಅಂದಿದ್ದರು ಡಾಕ್ಟರು. ಕಟಿಂಗುಗಳನ್ನು ಕಂಪ್ಯೂಟರಿಗೆ ಹಾಕುವ ಕೆಲಸ ಮೇಘಶ್ರೀ ವಹಿಸಿಕೊಂಡಳು. ಮದುವೆಯಾಗಿ ಅದೇ ಬೀದಿಯಲ್ಲಿ ಇದ್ದಾಳೆ. ಕಾಲೇಜು ಮುಗಿಸಿ ಸಂಜೆ ಬಂದು ಕೂತು ಟೈಪ್ ಮಾಡುತ್ತಿದ್ದಳು, ಆಮೇಲೆ ಅಪ್ಪನಿಗೆ ಓದಿ ಹೇಳುತ್ತಿದ್ದಳು. ಮೇಷ್ಟ್ರು ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡು ಆರಾಮ ಕುರ್ಚಿಯಲ್ಲಿ ಒರಗಿ ಕೇಳುತ್ತಿದ್ದರು. ಅಲ್ಲಲ್ಲಿ ನಗುತ್ತಿದ್ದರು. 'ಎಷ್ಟು ಕರೆಕ್ಟಾಗಿ ಹೇಳೀನಿ ನೋಡು' ಅನ್ನುತ್ತಿದ್ದರು. ಪ್ರೂಫನ್ನು ಕಿವಿಯಲ್ಲಿ ನೋಡಿದ ಲೇಖಕನನ್ನು ನಾನು ಅವರೊಬ್ಬರನ್ನೇ ಕಂಡಿದ್ದು. ಪುಟ ಕಟ್ಟಿ, ತಿದ್ದಿ, ಪೂರ್ತಿ ಸಿದ್ಧಮಾಡಿದ ಫೈಲನ್ನು ಮೇಘಶ್ರೀ ನನಗೆ ಕಳಿಸಿದಳು. ನಾನು ಪ್ಲೇಟ್ ಮಾಡಿಸಿ ಮೆಷಿನ್ನಿಗೆ ಹಾಕಿದೆ. ಮುದ್ರಿಸುವವನು ಬಣ್ಣ ನೋಡುತ್ತಾನೆ, ಅಂಚು ನೋಡುತ್ತಾನೆ, ಓದುವುದಿಲ್ಲ.

ಬಿಡುಗಡೆ ಸಮುದಾಯ ಭವನದಲ್ಲಿ ಆಯಿತು. ಇಷ್ಟು ಜನ ಬಂದದ್ದು ನೋಡಿ ಮೇಷ್ಟ್ರಿಗೆ ಗಾಬರಿ. ಜರಡಿಯಲ್ಲಿ ಸಿಕ್ಕಿಬಿದ್ದವರೆಲ್ಲ ಮುಂದಿನ ಸಾಲಿನಲ್ಲಿ ಕೂತಿದ್ದರು. ಕವಿಗಳು, ಗಾಯಕರು, ಒಂದು ಸಿನಿಮಾಕ್ಕೆ ಹಾಡು ಬರೆದವರು. ತಲೆಗೆ ಮೈಸೂರು ಪೇಟ ಇಟ್ಟು, ಶಾಲು ಹೊದಿಸಿ, ಮಡಿಲಿಗೆ ಹಣ್ಣಿನ ಬುಟ್ಟಿ ಇಟ್ಟು ಅವರನ್ನು ನಡುವೆ ಕೂರಿಸಿದರು. ಹೊಸ ಕನ್ನಡಕ ಹಾಕಿಕೊಂಡಿದ್ದರು. ರಿಬ್ಬನ್ ಎಳೆದಾಯಿತು, ಫೋಟೋ ಆಯಿತು. ಮೇಷ್ಟ್ರು ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದು ಮಸಿಯ ವಾಸನೆ ನೋಡಿದರು. ಅವರ ಕಣ್ಣು ತುಂಬಿತ್ತು.

ಪಾಲಣ್ಣ ಮೈಕ್ ಹಿಡಿದ. 'ಮೇಷ್ಟ್ರು ಪಾಲಣ್ಣನ್ನ ಬೈದರು, ಬೈದರು ಅಂತ ಜನ ಅಂತಾರೆ. ಎಲ್ಲಿ ಬೈದವ್ರೆ? ಅವರ ಮಾತನ್ನೇ ಓದ್ತೀನಿ, ಕೇಳ್ರಿ' ಎಂದು ಪುಟ ತೆರೆದು ಓದಿದ: 'ಪಾಲಣ್ಣನವರ ಭಾಷೆ ತೊಳೆದಿಟ್ಟ ಪಾತ್ರೆಯಂತೆ ಥಳಥಳ ಹೊಳೆಯುತ್ತದೆ.' ಪುಸ್ತಕ ಮುಚ್ಚಿ ಸಭೆಯ ಕಡೆ ನೋಡಿದ. ಚಪ್ಪಾಳೆ ಬಿತ್ತು.

ಮೇಷ್ಟ್ರು ಬುಟ್ಟಿಯನ್ನು ಪಕ್ಕಕ್ಕಿಟ್ಟು ಎದ್ದರು. 'ಪಾಲಣ್ಣ, ಮುಂದಿಂದೂ ಓದ್ರಿ,' ಅಂದರು.

'ಮುಂದೆ ಏನೂ ಇಲ್ಲ ಮೇಷ್ಟ್ರೇ. ಅಲ್ಲಿಗೇ ಮುಗೀತೈತೆ.'

'ಒಳಗೆ ಅನ್ನವಿಲ್ಲ ಅಂತ ಐತೆ. ನಾನು ಬರೆದಿದ್ದು ನನಗೆ ಗೊತ್ತಿಲ್ವಾ?'

ಪಾಲಣ್ಣ ಪುಟವನ್ನು ಅವರ ಮುಖದ ಮುಂದೆ ಹಿಡಿದ. ಆಮೇಲೆ ಮೈಕಿನ ಕಡೆ ತಿರುಗಿ, 'ನೋಡ್ರಿ, ಮೇಷ್ಟ್ರಿಗೆ ಈಗಲೂ ಬೈಯೋ ಚಟ ಬಿಟ್ಟಿಲ್ಲ. ತಮ್ಮ ಪುಸ್ತಕದಾಗೇ ಇಲ್ಲದ್ದನ್ನ ಹುಡುಕ್ತವ್ರೆ!' ಅಂದ. ಸಭೆಯೆಲ್ಲ ನಕ್ಕಿತು. ಒಳ್ಳೆಯ ನಗು, ಪ್ರೀತಿಯ ನಗು. ಅಂಥ ನಗುವಿನ ಎದುರಿಗೆ ಮನುಷ್ಯ ಏನು ಮಾಡಲು ಸಾಧ್ಯ? ಪಾಲಣ್ಣ ನಾಟಕ ಆಡಿದನೋ, ನಿಜವಾಗಿ ಮರೆತಿದ್ದನೋ, ನನಗೆ ಇಂದಿಗೂ ಗೊತ್ತಿಲ್ಲ. ಇಷ್ಟು ವರ್ಷ ಹೊಗಳಿಸಿಕೊಂಡು ಬದುಕಿದವನಿಗೆ ಬೈಗುಳ ನೆನಪಿರಬೇಕೆಂದೇನೂ ಇಲ್ಲ.

ಮೇಷ್ಟ್ರು ಕೂತರು. ಭಾಷಣಗಳು ನಡೆಯುತ್ತಲೇ ಇದ್ದವು. ಅವರು ಪೇಟ ತೆಗೆಯದೆ, ತಲೆ ಎತ್ತದೆ ಪುಟ ತಿರುಗಿಸುತ್ತಾ ಹೋದರು. ಗುಡ್ಡದ ಹಾಡಿನ ಲೇಖನದಲ್ಲಿ ಗುಡ್ಡ ಇತ್ತು, ಗಾಳಿ ಇತ್ತು. ಕುರಿ ಮೇಯಿಸುವವನು ಇರಲಿಲ್ಲ. ವಚನ ಗಾಯನದ ಲೇಖನದಲ್ಲಿ ಹಾರ್ಮೋನಿಯಂ ಚೆನ್ನಾಗಿತ್ತು. ಕೋಟೆಯ ಕವಿಗಳಿಗೆ ಕೆಳಗೆ ಇಳಿದು ಬನ್ನಿ ಎಂದು ಹೇಳುವವರೇ ಇರಲಿಲ್ಲ. ಒಂದು ಮಾತನ್ನೂ ಸೇರಿಸಿರಲಿಲ್ಲ, ಎಲ್ಲವೂ ಅವರದೇ ವಾಕ್ಯಗಳು. ಚುಚ್ಚುವುದನ್ನು ಮಾತ್ರ ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಆರಿಸಿ ತೆಗೆದಿದ್ದರು. ಮೂವತ್ತು ವರ್ಷ ಎಲ್ಲರನ್ನೂ ಎಲ್ಲದಕ್ಕೂ ಮೆಚ್ಚಿಕೊಂಡ ಒಬ್ಬ ಸಾಧು ಮುದುಕನ ಪುಸ್ತಕ ಅದು. ಅಂಥ ಪುಸ್ತಕ ಜರಡಿಗೆ ಬಂದಿದ್ದರೆ ಮೇಷ್ಟ್ರು ಅದನ್ನು ನಾಲ್ಕು ಸಾಲಿನಲ್ಲಿ ಮುಗಿಸಿರುತ್ತಿದ್ದರು.

ಅವರು ತಲೆ ಎತ್ತಿ ಮಗಳನ್ನು ನೋಡಿದರು. ಮೇಘಶ್ರೀ ಎರಡನೇ ಸಾಲಿನಲ್ಲಿ ಕೂತಿದ್ದಳು. ತಲೆ ತಗ್ಗಿಸಲಿಲ್ಲ.

ಊಟಕ್ಕೆ ಎಲ್ಲರೂ ಎದ್ದಾಗ ಮೇಷ್ಟ್ರು, 'ಮನೆಗೆ ಹೋಗಾಣ ನಡಿ ಜಮೀರ' ಅಂದರು. ನನ್ನ ಕಾರಿನಲ್ಲಿ ಅಪ್ಪ ಮಗಳನ್ನು ಕರೆದುಕೊಂಡು ಬಂದೆ. ಪುಸ್ತಕದ ಕಟ್ಟುಗಳನ್ನು ಒಳಗಿಟ್ಟು ಹೊರಟೆ. 'ಕುಂತ್ಕಳ್ರಿ ಅಣ್ಣ, ಕಾಫಿ ಕುಡ್ದು ಹೋಗಿ' ಅಂದಳು ಮೇಘಶ್ರೀ. ಅಪ್ಪನ ಜೊತೆ ಒಬ್ಬಳೇ ಇರುವುದು ಅವಳಿಗೆ ಬೇಕಿರಲಿಲ್ಲ ಅನ್ನಿಸುತ್ತದೆ. ಕೂತೆ.

ಅವಳು ಕಾಫಿ ತಂದಿಟ್ಟ ಮೇಲೆ ಮೇಷ್ಟ್ರು ಕೇಳಿದರು: 'ದಿನಾ ಓದಿ ಹೇಳ್ತಿದ್ದೆಯಲ್ಲಮ್ಮ. ಎಲ್ಲಾ ಇತ್ತಲ್ಲ. ನನ್ನ ಕಿವೀಲಿ ಕೇಳೀನಿ.'

'ಪೇಪರ್ ಕಟಿಂಗ್ ಕೈಯಾಗೆ ಹಿಡ್ಕಂಡು ಓದ್ತಿದ್ದೆ. ಕಂಪ್ಯೂಟರಿನಾಗೆ ಇದ್ದಿದ್ದು ಬ್ಯಾರೆ.'

'ಪಾಲಣ್ಣ ಹೇಳಿದ್ನಾ?'

'ಯಾರೂ ಹೇಳಲಿಲ್ಲ. ಕಾಲೇಜಿನಾಗೆ ನನ್ನನ್ನ ಕರೆದು ಒಂದು ಮಾತು ಕೇಳ್ಲಿಲ್ಲ ಅವರು. ಅವರು ಹೇಳೋದೇ ಬ್ಯಾಡ ಅಪ್ಪ, ನನಗೇ ತಿಳೀತೈತೆ. ನಾನು ಈ ಊರಾಗೆ ಬಾಳ್ವೆ ಮಾಡಬೇಕು. ನೀನು ಬರೆದು ಮನೆಯಾಗೆ ಕುಂತ್ಕಂತಿದ್ದೆ, ಬೀದಿಯಾಗೆ ಓಡಾಡ್ತಿದ್ದೋರು ಅಮ್ಮ ಮತ್ತೆ ನಾನು.'

'ಅದಕ್ಕೆ ನನ್ನ ನಾಲಿಗೆ ಕತ್ತರಿಸಿದ್ಯಾ?' ಮೇಷ್ಟ್ರ ದನಿ ಏರಿತು. 'ಅದು ನಿನ್ನದಲ್ಲ ಕಣೇ, ನಂದು. ಜೀವಮಾನದ್ದು. ಹಿಂಗ್ ಮಾಡೋ ಬದ್ಲು ಡಬ್ಬಕ್ಕೆ ಬೆಂಕಿ ಇಟ್ಟಿದ್ರೂ ಸುಮ್ನಿರ್ತಿದ್ದೆ. ಸತ್ತ ಮೇಲೆ ಜನ ಏನಂತಾರೆ? ಚಿತ್ರಲಿಂಗಪ್ಪ ಎಲ್ಲರಿಗೂ ಬೆಣ್ಣೆ ಹಚ್ಚಿದ ಅಂತಾರೆ.'

'ಎಲ್ಲಾ ತೆಗೆದಿಲ್ಲ,' ಅಂದಳು ಮೇಘಶ್ರೀ. 'ಕೊನೇದು ನೋಡಿದ್ಯಾ? ಅದರಾಗೆ ಒಂದು ಅಕ್ಷರ ಮುಟ್ಟಿಲ್ಲ.'

ಮೇಷ್ಟ್ರು ಪುಸ್ತಕ ತೆಗೆದುಕೊಂಡು ಕೊನೆಯ ಲೇಖನ ತೆರೆದರು. ನಾನು ಪಕ್ಕದಿಂದ ತಲೆಬರಹ ನೋಡಿ, ಯಾವ ಲೇಖನ ಎಂದು ತಿಳಿದು ಕಾಫಿ ಕೆಳಗಿಟ್ಟೆ. ಅದು ದುರ್ಗದಲ್ಲಿ ನಡೆದ ಒಂದು ಸುಗಮ ಸಂಗೀತ ಸ್ಪರ್ಧೆಯ ಬಗ್ಗೆ ಬರೆದದ್ದು. ಆಗ ಮೇಘಶ್ರೀ ಹೈಸ್ಕೂಲ್ ಮುಗಿಸಿದ ಹುಡುಗಿ. ಸಣ್ಣಂದಿನಿಂದ ಹಾಡುತ್ತಿದ್ದಳು. ಶಾಲೆಯಲ್ಲಿ ಏನೇ ಕಾರ್ಯಕ್ರಮ ಇರಲಿ, ಪ್ರಾರ್ಥನೆ ಅವಳದೇ. ಸ್ಪರ್ಧೆಯಲ್ಲಿ ಅವಳಿಗೆ ಎರಡನೇ ಬಹುಮಾನ ಬಂದಿತ್ತು. ಮುಂದಿನ ಭಾನುವಾರದ ಜರಡಿಯಲ್ಲಿ ಮೇಷ್ಟ್ರು ಉಳಿದ ಹಾಡುಗಾರರ ಜೊತೆ ಅವಳನ್ನೂ ಹಾಕಿ ಅಲ್ಲಾಡಿಸಿದ್ದರು. ತಮ್ಮ ಮಗಳು ಎಂದು ಎಲ್ಲಿಯೂ ಬರೆಯಲಿಲ್ಲ. ಬರೆಯಬೇಕಾದ ಅಗತ್ಯವೂ ಇರಲಿಲ್ಲ, ಊರಿಗೆಲ್ಲ ಗೊತ್ತಿತ್ತು.

ಮೇಷ್ಟ್ರು ಓದಲು ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ಮೇಘಶ್ರೀ ಪುಸ್ತಕ ನೋಡದೆ ಹೇಳತೊಡಗಿದಳು. ಗೋಡೆಗೆ ಒರಗಿ ನಿಂತಿದ್ದಳು, ದನಿಯಲ್ಲಿ ಏರಿಳಿತ ಇರಲಿಲ್ಲ.

'ಮೇಘಶ್ರೀ ಎಂಬ ಹುಡುಗಿಗೆ ದನಿ ಇದೆ. ಆ ದನಿಯನ್ನು ಅವಳೇ ಕೇಳಿ ಖುಷಿಪಡುತ್ತಾಳೆ, ಹಾಡಿನ ಕಡೆ ಗಮನವಿಲ್ಲ. ತವರು ಬಿಟ್ಟು ಹೊರಟವಳ ಸಂಕಟವನ್ನು, ಬಹುಮಾನ ತರಲು ಹೊರಟವಳಂತೆ ಹಾಡಿದಳು. ಮನೆಯವರ ಚಪ್ಪಾಳೆ ಕೇಳಿ ಬೆಳೆದವರಿಗೆಲ್ಲ ಹೀಗೇ ಆಗುತ್ತದೆ. ಸದ್ಯಕ್ಕೆ ಇವಳು ವೇದಿಕೆ ಹತ್ತದಿರುವುದು ಒಳ್ಳೆಯದು.'

ಆ ಲೇಖನ ಬಂದ ಮೇಲೆ ಅವಳು ಹಾಡಿದ್ದನ್ನು ನಾನು ಕೇಳಿಲ್ಲ. ವೇದಿಕೆಯಲ್ಲಿ ಅಷ್ಟೇ ಅಲ್ಲ, ಆರತಿಯ ಹಾಡಿಗೂ ಬಾಯಿ ತೆರೆಯುತ್ತಿರಲಿಲ್ಲ ಎಂದು ಅನುಸೂಯಮ್ಮನವರೇ ಒಮ್ಮೆ ನಮ್ಮಮ್ಮ ಬೀಬಿ ಜಾನ್ ಹತ್ತಿರ ಹೇಳಿಕೊಂಡಿದ್ದರು. ತನ್ನ ಮಕ್ಕಳನ್ನು ಮಲಗಿಸುವಾಗಲೂ ಮೊಬೈಲಿನಲ್ಲಿ ಹಾಡು ಹಾಕುತ್ತಾಳೆ.

'ಅವರದ್ದೆಲ್ಲ ತೆಗೆದೆ, ಸರಿನೇ,' ಅಂದಳು ಮೇಘಶ್ರೀ. 'ಅವರು ಯಾರೂ ನಿನ್ನ ಮಾತು ನಂಬಲಿಲ್ಲ ಅಪ್ಪ. ನೀನು ಬರೆದ ಮೇಲೂ ಪಾಲಣ್ಣ ಕಾದಂಬರಿ ಮೇಲೆ ಕಾದಂಬರಿ ಬರೆದ. ಆ ವಚನದೋರು ಇವತ್ತೂ ಹಂಗೇ ಹಾಡ್ತಾರೆ. ಅವರ ಪುಟದಾಗೆ ಆ ಮಾತು ಇದ್ದರೇನು, ಹೋದರೇನು? ಈ ಊರಾಗೆ ನಿನ್ನನ್ನ ನಂಬಿದ್ದು ನಾನೊಬ್ಬಳೇ. ಅದಕ್ಕೆ ನಂದು ತೆಗೀಲಿಲ್ಲ.'

ನನಗೆ ಪಾಲಣ್ಣನ ಮೇಲೆ, ಆ ಸಭೆಯ ಮೇಲೆ, ಈ ಮನುಷ್ಯನ ಮೇಲೆ ಒಟ್ಟಿಗೇ ಸಿಟ್ಟು ಬಂತು. ಯಾರನ್ನು ಹಿಡಿದು ಬೈಯಬೇಕು ಎಂದು ತಿಳಿಯಲಿಲ್ಲ. ಮೇಷ್ಟ್ರು ಪುಸ್ತಕದ ಆ ಪುಟದ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದರು. ಅಕ್ಷರ ಮುಚ್ಚುವ ಹಾಗೆ.

'ಜಮೀರ,' ಅಂದರು, 'ಇನ್ನೊಂದು ಸಲ ಅಚ್ಚು ಹಾಕೋದಾದ್ರೆ ಇದನ್ನ ತೆಗೆದುಬಿಡು.' ಮಗಳ ಕಡೆ ತಿರುಗಿ, 'ಇದನ್ನ ತೆಗೀಬೇಕಿತ್ತಮ್ಮ' ಅಂದರು.

ತಾವು ಬರೆದ ಒಂದು ಮಾತನ್ನು ತೆಗೆಯಬೇಕು ಎಂದು ಅವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಮೇಘಶ್ರೀ ಅಪ್ಪನ ಮುಖವನ್ನೇ ನೋಡಿದಳು.

'ಪಾಲಣ್ಣಂದು ತೆಗೆದಿದ್ದಕ್ಕೆ ಊಟ ಬಿಟ್ಟು ಎದ್ದು ಬಂದೆ,' ಅಂದಳು. 'ನಂದು ಇರೋದಕ್ಕೆ ತೆಗಿ ಅಂತೀಯ. ಯಾಕೆ? ನೀನು ಬರೆದಿದ್ದು ಸುಳ್ಳಾ?'

ಸುಳ್ಳು ಅನ್ನಬಹುದಿತ್ತು. ನಾನಾಗಿದ್ದರೆ ಅನ್ನುತ್ತಿದ್ದೆ. ಪಾಲಣ್ಣನಾಗಿದ್ದರೆ ಅಳುತ್ತಾ ಅನ್ನುತ್ತಿದ್ದ. ಹೌದಮ್ಮ, ತಪ್ಪು ಬರೆದೆ, ನೀನು ಚೆನ್ನಾಗಿ ಹಾಡಿದ್ದೆ ಅಂದಿದ್ದರೆ ಯಾರ ಗಂಟು ಹೋಗುತ್ತಿತ್ತು? ಮೇಷ್ಟ್ರು ಕಣ್ಣು ಮುಚ್ಚಿದರು. ಆ ದಿನದ ಹಾಡನ್ನು ಮತ್ತೊಮ್ಮೆ ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಒಂದು ಸಾಲು, ಇನ್ನೊಂದು ಸಾಲು. ಕಣ್ಣು ಬಿಟ್ಟಾಗ ನೀರು ಕನ್ನಡಕದ ಕೆಳಗಿಂದ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

'ಸುಳ್ಳಲ್ಲಮ್ಮ,' ಅಂದರು.

'ಗೊತ್ತು,' ಅಂದಳು ಮೇಘಶ್ರೀ. ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.